ಮೊಬೈಲಿನ ಚಿತ್ರವನ್ನು ದೂರದ ಸರ್ವರಿನ ಕೋಡಿಂಗ್ ಅಸಿಸ್ಟೆಂಟ್‌ಗೆ ತೋರಿಸುವುದು ಹೇಗೆ?

ಕಾರವಾರದಲ್ಲಿ ಕುಳಿತು, ಆಂಡ್ರಾಯ್ಡ್ ಮೊಬೈಲಿನ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್‌ನಿಂದ ಬೆಂಗಳೂರಿನ ಸರ್ವರಿಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ) ಮಾಡಿ ಕ್ಲಾಡ್ ಕೋಡ್ ಎಂಬ ಕೋಡಿಂಗ್ ಅಸಿಸ್ಟೆಂಟ್ ಬಳಸುತ್ತೀರಿ, ಆದರೆ ಸ್ಕ್ರೀನ್‌ಶಾಟ್ ಅಂಟಿಸಲು ಆಗುತ್ತಿಲ್ಲ ಎಂದು ಕೇಳಿದ್ದೀರಿ. ಶಿರಸಿಯಿಂದ ನಾನು ಕೆಲಸ ಮಾಡುವುದೂ ಇದೇ ರೀತಿ. ಅಂಟಿಸುವ ಗೊಡವೆಯೇ ಬೇಡ. ಕಡತವನ್ನು ಸರ್ವರಿಗೆ ಕಳುಹಿಸಿ, ಅದು ಯಾವ ಫೋಲ್ಡರಿನಲ್ಲಿದೆ ಎಂದಷ್ಟೇ ಹೇಳಿ.

ಎಸ್‌ಎಸ್‌ಎಚ್ ಟರ್ಮಿನಲ್‌ನಲ್ಲಿ ಅಂಟಿಸಿದರೆ ಅತ್ತ ಹೋಗುವುದು ಅಕ್ಷರಗಳು ಮಾತ್ರ. ನಕಲಿಸಿಕೊಂಡ ಚಿತ್ರ ಮೊಬೈಲಿನ ಕ್ಲಿಪ್‌ಬೋರ್ಡಿನಲ್ಲೇ ಉಳಿಯುತ್ತದೆ, ಸರ್ವರಿನ ಪ್ರೋಗ್ರಾಮಿಗೆ ಅದು ಕಾಣುವುದೇ ಇಲ್ಲ. ಅದೇ ಚಿತ್ರ ಸರ್ವರಿನ ಡಿಸ್ಕಿನಲ್ಲಿದ್ದರೆ ಪಿಎನ್‌ಜಿ, ಜೆಪೆಗ್, ಪಿಡಿಎಫ್ ಯಾವುದಾದರೂ ಕ್ಲಾಡ್ ಕೋಡ್ ತೆರೆದು ನೋಡುತ್ತದೆ.

ಟರ್ಮಕ್ಸ್‌ನಲ್ಲಿ ಇದಕ್ಕೆ ಸೊಗಸಾದ ವ್ಯವಸ್ಥೆ ಇದೆ. ಹೋಮ್ ಫೋಲ್ಡರಿನೊಳಗಿನ ಬಿನ್ ಫೋಲ್ಡರಿನಲ್ಲಿ 'ಟರ್ಮಕ್ಸ್-ಫೈಲ್-ಎಡಿಟರ್' (termux-file-editor) ಎಂಬ ಹೆಸರಿನ ಸ್ಕ್ರಿಪ್ಟ್ ಬರೆದು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಿ. ಬಳಿಕ ಗ್ಯಾಲರಿಯಲ್ಲಿ ಚಿತ್ರ ಆರಿಸಿ, ಶೇರ್ ಒತ್ತಿ ಟರ್ಮಕ್ಸ್ ಆಯ್ದು, ಎಡಿಟ್ ಗುಂಡಿ ಒತ್ತಿದರೆ ಕಡತದ ವಿಳಾಸ ಆ ಸ್ಕ್ರಿಪ್ಟಿಗೆ ಮೊದಲ ಆರ್ಗ್ಯುಮೆಂಟ್ ಆಗಿ ಸಿಗುತ್ತದೆ. ಸ್ಕ್ರಿಪ್ಟಿನಲ್ಲಿ ಎರಡೇ ಕೆಲಸ: ಆ ಕಡತಕ್ಕೆ ದಿನಾಂಕ ಮತ್ತು ಸಮಯದ ಹೆಸರಿಟ್ಟು ಆರ್‌ಸಿಂಕ್ ಎಂಬ ಕಡತ ಕಳುಹಿಸುವ ಆದೇಶದ ಮೂಲಕ ಸರ್ವರಿನ ಒಂದು ಫೋಲ್ಡರಿಗೆ ಕಳುಹಿಸುವುದು, ಅಲ್ಲಿನ ಪೂರ್ಣ ವಿಳಾಸವನ್ನು ಪರದೆಯ ಮೇಲೆ ತೋರಿಸುವುದು. ಎಸ್‌ಸಿಪಿ ಎಂಬ ಇನ್ನೊಂದು ಆದೇಶವಾದರೂ ನಡೆಯುತ್ತದೆ. ಆದರೆ ಕುಮಟಾಕ್ಕೆ ಹೊರಟು ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋಯಿತೆನ್ನಿ, ಎಸ್‌ಸಿಪಿಯನ್ನು ಮೊದಲಿನಿಂದ ಶುರು ಮಾಡಬೇಕು. ಆರ್‌ಸಿಂಕ್‌ಗೆ ಪಾರ್ಷಿಯಲ್ ಆಯ್ಕೆ ಕೊಟ್ಟಿದ್ದರೆ ಅರ್ಧ ಹೋದ ಕಡತ ಅಲ್ಲೇ ಉಳಿದು, ಅದೇ ಹೆಸರಿನಲ್ಲಿ ಮತ್ತೆ ಕಳುಹಿಸಿದಾಗ ಕೆಲಸಕ್ಕೆ ಬರುತ್ತದೆ. ಕ್ಲಾಡ್ ಕೋಡನ್ನು, ಸಂಪರ್ಕ ಕಡಿದರೂ ಟರ್ಮಿನಲನ್ನು ಸರ್ವರಿನಲ್ಲಿ ಉಳಿಸುವ ಟಿಮಕ್ಸ್ ಒಳಗೆ ಓಡಿಸಿದರೆ ಅದೂ ನಡುವೆ ನಿಲ್ಲುವುದಿಲ್ಲ.

ಯಾವುದನ್ನು ಚಿತ್ರವಾಗಿ ಕಳುಹಿಸಬೇಕು ಎಂಬುದು ನನಗೆ ಇದಕ್ಕಿಂತ ಮುಖ್ಯ. ದೋಷದ ಸಂದೇಶ ಅಕ್ಷರದಲ್ಲಿದ್ದರೆ ಅಕ್ಷರವಾಗಿಯೇ ಕೊಡಿ, ಚಿತ್ರ ಬೇಡ. ಕಣ್ಣಿಗೆ ಮಾತ್ರ ಕಾಣುವ ದೋಷಕ್ಕೆ ಚಿತ್ರವೇ ಬೇಕು. ಅಡಿಕೆ ವಖಾರಿಯೊಂದಕ್ಕೆ ಪಟ್ಟಿ ಮುದ್ರಿಸುವ ಪ್ರೋಗ್ರಾಂ ಬರೆಯುತ್ತಿದ್ದಾಗ ರಾಶಿ, ಚಾಲಿ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಹೆಸರುಗಳೆಲ್ಲವೂ ಚೆನ್ನಾಗಿ ಬಂದವು. 'ಬೆಟ್ಟೆ'ಯ ಸಾಲಿನಲ್ಲಿ ಮಾತ್ರ ಒತ್ತಕ್ಷರ ಕೆಳಗೆ ಕೂರದೆ, ಎರಡೂ ಟಕಾರಗಳು ಬಿಡಿಬಿಡಿಯಾಗಿ ಪಕ್ಕಪಕ್ಕ ನಿಂತಿದ್ದವು. ಡೇಟಾಬೇಸಿನಲ್ಲಿ ಪದ ಸರಿಯಾಗಿತ್ತು, ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರಲಿಲ್ಲ. ಆ ಸಾಲನ್ನಷ್ಟೇ ಕತ್ತರಿಸಿ ಕಳುಹಿಸಿ, 'ಮೂರನೇ ಕಾಲಂ ನೋಡು, ಒತ್ತು ಒಡೆದಿದೆ' ಎಂದು ಬರೆದೆ. ಪಿಡಿಎಫ್ ಲೈಬ್ರರಿ ಹಾರ್ಫ್‌ಬಜ್‌ನಂಥ ಅಕ್ಷರ ಜೋಡಿಸುವ ಎಂಜಿನ್ ಬಳಸುತ್ತಿಲ್ಲ ಎಂದು ಕ್ಲಾಡ್ ಕೋಡ್ ನೇರವಾಗಿ ಹೇಳಿತು. ಇಡೀ ಪರದೆ ಕಳುಹಿಸುವ ಬದಲು ಹೀಗೆ ಕತ್ತರಿಸಿ, ಎಲ್ಲಿ ನೋಡಬೇಕೆಂದು ಒಂದು ಮಾತು ಸೇರಿಸಿ. ದೊಡ್ಡ ಚಿತ್ರವನ್ನು ಕುಗ್ಗಿಸಿದಾಗ ಸಣ್ಣ ಕನ್ನಡ ಅಕ್ಷರಗಳು ಕಲಸಿಹೋಗುತ್ತವೆ. ವಾಟ್ಸಾಪ್ ಮೂಲಕ ಫೋಟೊ ದಾಟಿಸಿದರೂ ಇದೇ ಪಾಡು. ಅನಿವಾರ್ಯವಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಟ್ಟಿಯ ಫೋಟೊದಲ್ಲಿ ಬೆಳೆಗಾರರ ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆ ಇರುತ್ತವೆ. ಅಸಿಸ್ಟೆಂಟ್ ಚಿತ್ರವನ್ನು ಓದಿದಾಗ ಅದು ನಿಮ್ಮ ಸರ್ವರನ್ನೂ ದಾಟಿ ಮಾದರಿ ನಡೆಸುವ ಕಂಪನಿಗೆ ಹೋಗುತ್ತದೆ. ಅಷ್ಟು ಭಾಗವನ್ನು ಮೊಬೈಲಿನಲ್ಲೇ ದಟ್ಟ ಬಣ್ಣದಿಂದ ಪೂರ್ತಿ ಮುಚ್ಚಿ. ಕ್ಯಾಮೆರಾದ ಫೋಟೊದಲ್ಲಿ ತೆಗೆದ ಸ್ಥಳವೂ ದಾಖಲಾಗಿರಬಹುದು. ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಂ ಅದನ್ನು ಅಳಿಸುತ್ತದೆ. ಚಿತ್ರಗಳ ಫೋಲ್ಡರನ್ನು ಗಿಟ್ ರೆಪೊಸಿಟರಿಯ (ಕೋಡಿನ ದಾಖಲೆ ಇಡುವ ಫೋಲ್ಡರಿನ) ಹೊರಗಿಡಿ, ಇಲ್ಲದಿದ್ದರೆ ಯಾರದೋ ಖಾತೆಯ ವಿವರ ಕೋಡಿನ ಜೊತೆ ಕಮಿಟ್ ಆಗಿಬಿಡಬಹುದು.

ನಿಮ್ಮ ಜೊತೆಗಾರರಲ್ಲಿ ಐಫೋನ್ ಇರುವವರಿಗೆ ಟರ್ಮಕ್ಸ್ ಸಿಗದು. ಅವರು, ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ಟೇಲ್‌ಸ್ಕೇಲ್‌ನ ಟೇಲ್‌ಡ್ರಾಪ್ ಎಂಬ ಕಡತ ಕಳುಹಿಸುವ ಸೌಲಭ್ಯ ಬಳಸಬಹುದು. ಲಿನಕ್ಸ್ ಸರ್ವರಿನಲ್ಲಿ 'ಟೇಲ್‌ಸ್ಕೇಲ್ ಫೈಲ್ ಗೆಟ್' (tailscale file get) ಆದೇಶ ಕೊಟ್ಟು ಕಡತವನ್ನು ಇಳಿಸಿಕೊಳ್ಳಬೇಕು. ಫೋಟೊ ಎಚ್‌ಇಐಸಿ ಎಂಬ ಐಫೋನಿನ ಚಿತ್ರ ರೂಪದಲ್ಲಿದ್ದರೆ ಮೊದಲು ಜೆಪೆಗ್‌ಗೆ ಬದಲಾಯಿಸಿಕೊಳ್ಳಲಿ.