ಕೊನೇ ಎಲೆಗೆ ದೊಡ್ಡ ಬೆಟ್ ಬಿದ್ರೆ ನಂಬೋದಾ ಬೇಡ್ವಾ?

ಪ್ರಶ್ನೆ: ಸರ್, ಶನಿವಾರ ರಾತ್ರಿ ಮನೆಯವರೆಲ್ಲ ಪ್ಲಾಸ್ಟಿಕ್ ಚಿಪ್ಸ್ ಇಟ್ಕೊಂಡು ಪೋಕರ್ ಆಡ್ತೀವಿ, ದುಡ್ಡು ಕಟ್ಟಲ್ಲ. ನನ್ನ ಕೈಲಿ ಇಸ್ಪೀಟ್ ರಾಜ, ಡೈಮಂಡ್ ರಾಣಿ ಇತ್ತು. ಫ್ಲಾಪಲ್ಲಿ (ಎಲ್ಲರಿಗೂ ಸೇರಿದ್ದು ಅಂತ ಮಧ್ಯದಲ್ಲಿ ಮೊದಲು ತೆರೆಯೋ ಮೂರು ಎಲೆ) ಆಟೀನ್ ರಾಜ, ಆಟೀನ್ 8, ಕಳಾವರ್ 3 ಬಿತ್ತು. ಪಾಟಲ್ಲಿ (ಮಧ್ಯದ ಚಿಪ್ಸ್ ರಾಶಿ) 60 ಇತ್ತು, ನಾನು 40 ಹಾಕ್ದೆ, ಮೈದುನ ತಕ್ಷಣ ಕಾಲ್ ಮಾಡಿದ, ಅಂದ್ರೆ ಅಷ್ಟೇ ಹಾಕಿ ಉಳ್ಕೊಂಡ. ನಾಲ್ಕನೇದು ಡೈಮಂಡ್ 2, ನಾನು 80, ಅವನು ಮತ್ತೆ ತಕ್ಷಣ ಕಾಲ್. ಕೊನೇದು ಇಸ್ಪೀಟ್ 5. ನಾನು ಏನೂ ಹಾಕ್ದೆ ಚೆಕ್ ಅಂದಿದ್ದೇ ತಡ, 300 ಇದ್ದ ಪಾಟಿಗೆ 300 ತಳ್ಳಿಬಿಟ್ಟ, ಕೈ ಬೇರೆ ನಡುಗ್ತಿತ್ತು. ಅದಕ್ಕೂ ಮುಂಚೆ ಒಂದು ಆಟದಲ್ಲಿ ಫುಲ್ ಹೌಸ್ (ಮೂರು ಒಂದೇ ಥರ, ಜೊತೆಗೊಂದು ಜೋಡಿ) ಬಂದಾಗ ಚಿಕ್ಕ ಚಿಕ್ಕದಾಗಿ ಹಾಕಿ ಎಲ್ಲರನ್ನೂ ಎಳ್ಕೊಂಡಿದ್ದ. ನಾನು ಎಲೆ ಬಿಟ್ಟು ಫೋಲ್ಡ್ ಮಾಡ್ದೆ, ಅವನು ಎಲೆ ತೋರಿಸ್ಲಿಲ್ಲ. ಕೈಲಿ ಏನೂ ಇಲ್ದೆ ಹೆದರಿಸೋ ಬ್ಲಫ್ ಇರಬಹುದಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಷ್ಟು ಚೆನ್ನಾಗಿ ನೆನಪಿಟ್ಕೊಂಡು ಬರ್ದಿದೀರಿ ಮೇಡಂ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೊನೇ ಬೆಟ್ ಒಂದನ್ನೇ ಹಿಡ್ಕೊಂಡು ಯೋಚಿಸ್ಬೇಡಿ, ಮೊದಲಿಂದ ಅವರು ಆಡಿದ್ದಕ್ಕೂ ಈ ಬೆಟ್‌ಗೂ ತಾಳೆ ಆಗುತ್ತಾ ನೋಡಿ. ಫ್ಲಾಪಲ್ಲಿ ಎರಡು ಆಟೀನ್ ಬಿದ್ದಿತ್ತು. ಮೈದುನನ ಹತ್ರ 8ರ ಜೋಡಿನೋ 3ರ ಜೋಡಿನೋ ಇದ್ದು ಆಗಲೇ ಮೂರು ಒಂದೇ ಥರ ಆಗಿದ್ರೆ, ಎದುರಿನವರಿಗೆ ಕಮ್ಮಿ ಖರ್ಚಲ್ಲಿ ಮತ್ತೊಂದು ಆಟೀನ್ ಬರ್ಲಿ ಅಂತ ಸುಮ್ನೆ ಕೂತ್ಕೊಳ್ಳೋರು ಕಮ್ಮಿ, ಅಲ್ಲೇ ರೈಸ್ ಮಾಡ್ತಾರೆ, ಅಂದ್ರೆ ಬೆಟ್ ಏರಿಸ್ತಾರೆ. ಎರಡು ಸಲ ಯೋಚನೆನೇ ಇಲ್ದೆ ಕಾಲ್ ಮಾಡಿದ್ದು ಜಾಸ್ತಿ ಹೊಂದೋದು ಕೈಲಿ ಎರಡು ಆಟೀನ್ ಇಟ್ಕೊಂಡು, ಐದೂ ಆಟೀನ್ ಆಗ್ಲಿ (ಫ್ಲಶ್) ಅಂತ ಐದನೇದಕ್ಕೆ ಕಾಯ್ತಾ ಇರೋರಿಗೆ. ಹಾಗೆ ಕಾಯೋರಿಗೆ ಮುಂದಿನ ಎರಡು ಎಲೆಯಲ್ಲಿ ಆಟೀನ್ ಸಿಗೋದು ಸುಮಾರು 35 ಪರ್ಸೆಂಟ್ ಅಷ್ಟೇ, ಉಳಿದ 65ರಲ್ಲಿ ಕೈ ಖಾಲಿ, ಗೆಲ್ಲೋಕೆ ಇರೋ ಒಂದೇ ದಾರಿ ನಿಮ್ಮನ್ನ ಹೆದರಿಸಿ ಓಡಿಸೋದು. ಇಲ್ಲಿ ಕೊನೇ 5 ಯಾರಿಗೆ ಉಪಯೋಗ ಆಯ್ತು ಹೇಳಿ? ಎಕ್ಕ-4 ಅಥವಾ 6-4 ಇದ್ದೋರಿಗೆ ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಯ್ತು ನಿಜ, ಆದ್ರೆ ಆ ಎರಡೂ ಆಟೀನೇ ಆಗಿರದೆ ಫ್ಲಾಪಲ್ಲಿ 40 ಕೊಟ್ಟು ಉಳ್ಕೊಳ್ಳೋರು ಅಪರೂಪ. 5ರ ಜೋಡಿ ಇಟ್ಕೊಂಡು ರಾಜನ ಎದುರು ಎರಡು ಬೆಟ್ ಕಟ್ಟೋರೂ ಅಷ್ಟೇ.

ಇನ್ನು ಲೆಕ್ಕ. 300 ಹಾಕಿದ್ರೆ ಬರೋದು 600, ಅಂದ್ರೆ ಮೂರು ಸಲದಲ್ಲಿ ಒಂದು ಸಲ ನೀವು ಸರಿ ಇದ್ರೂ ಕಾಲ್ ಮಾಡಿದ್ದು ನಷ್ಟ ಅಲ್ಲ. ಜನ ಇಲ್ಲೇ ಎಡವೋದು, ಬ್ಲಫ್ ಅಂತ ಖಾತ್ರಿ ಆಗೋತನಕ ಕಾಯ್ತಾರೆ, ಖಾತ್ರಿ ಬೇಕಾಗೇ ಇಲ್ಲ.

ನನ್ನನ್ನ ಸ್ವಲ್ಪ ತಡೆಯೋದು ಕೈ ನಡುಕ. ನಡುಗಿದ್ರೆ ಭಯ ಅಂತ ಎಲ್ರೂ ಅಂದ್ಕೋತಾರೆ, ಆದ್ರೆ ಒಳ್ಳೇ ಎಲೆ ಬಂದಾಗ ಉದ್ವೇಗಕ್ಕೆ ನಡುಗೋದೇ ಹೆಚ್ಚು, ಸುಳ್ಳು ಬೆಟ್ ಹಾಕಿದೋರು ಮೈ ಬಿಗಿ ಹಿಡ್ಕೊಂಡು ಉಸಿರೂ ಬಿಡ್ದೆ ಕೂತಿರ್ತಾರೆ. ಅದಕ್ಕೇ ಮೈದುನ ಬೇರೆ ಆಟಗಳಲ್ಲಿ ಚಿಪ್ಸ್ ಹೇಗೆ ಇಡ್ತಾರೆ ಅಂತ ಗಮನಿಸಿ, ಎಲ್ಲದಕ್ಕೂ ನಡುಗೋರಾದ್ರೆ ಅದಕ್ಕೆ ಬೆಲೆ ಇಲ್ಲ. ಒಳ್ಳೇ ಎಲೆಗೆ ಚಿಕ್ಕ ಬೆಟ್ ಅನ್ನೋದು ನೀವು ಒಂದು ಸಲ ನೋಡಿದ್ದು, ಇನ್ನೂ ಮೂರ್ನಾಲ್ಕು ಸಲ ಶೋಡೌನಲ್ಲಿ ಎಲೆ ತಿರುಗಿಸಿದಾಗ ಯಾವ ಎಲೆಗೆ ಎಷ್ಟು ಹಾಕಿದ್ರು ಅಂತ ನೆನಪಿಟ್ಕೊಳ್ಳಿ. ಆದ್ರೂ ಕೇಳಿದೀರಿ ಅಂತ ಹೇಳ್ತೀನಿ, ಆ ಜಾಗದಲ್ಲಿ ನಾನು ಕಾಲ್ ಮಾಡ್ತಿದ್ದೆ.

ಪ್ರಶ್ನೆ: ಮುಂಚೆ ಆ್ಯಪಲ್ಲಿ ಆಡ್ತಿದ್ದಾಗ ಒಬ್ಬ ನನ್ನ ಹತ್ರ ಒಳ್ಳೇ ಎಲೆ ಇದ್ರೆ ಫೋಲ್ಡು, ಇಲ್ದಿದ್ರೆ ಕಾಲು. ಎಲೆ ಕಾಣಿಸ್ತಿತ್ತಾ ಅವನಿಗೆ?
— ಹುಬ್ಬಳ್ಳಿ ಓದುಗ

ಉತ್ತರ: ಹತ್ತಿಪ್ಪತ್ತು ಆಟ ನೋಡಿ ಹಾಗೆ ಹೇಳಕ್ಕಾಗಲ್ಲ, ಸೋತ ಆಟಗಳೇ ಮನಸ್ಸಲ್ಲಿ ಉಳಿಯೋದು. ಆದ್ರೆ ಅಂಥದ್ದು ನಡೆದೇ ಇಲ್ಲ ಅಂತಲ್ಲ. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ಅನ್ನೋ ಸೈಟಿನ ಟೂರ್ನಮೆಂಟಲ್ಲಿ ಒಂದು ಖಾತೆ ಕೊನೇ ಆಟದಲ್ಲಿ ಒಂದು ಜೋಡಿನೂ ಇಲ್ದೆ, ಇದ್ದಿದ್ರಲ್ಲಿ ದೊಡ್ಡ ಎಲೆ ಅಂದ್ರೆ ಬರೀ ಒಂದು 10 ಇಟ್ಕೊಂಡು, ಎದುರಿನವರು ಎಲ್ಲ ಚಿಪ್ಸ್ ಕಟ್ಟಿದ ಆಲ್-ಇನ್‌ಗೆ ಕಾಲ್ ಮಾಡ್ತು, ಅವರ ಹತ್ರ ದೊಡ್ಡ ಎಲೆ ಅಂದ್ರೆ ಅದಕ್ಕಿಂತ ಕಮ್ಮಿ, ಬರೀ 9 ಇತ್ತು. ಕಣ್ಣಿಗೆ ಕಾಣ್ದೆ ಅದು ಹೇಗೆ ಸಾಧ್ಯ? ಸೋತವರು ಆಟದ ದಾಖಲೆ ಕೇಳಿದ್ರು, ಬಂದ ಫೈಲಲ್ಲಿ ಎಲ್ಲರ ಎಲೆನೂ ಇತ್ತು, ಅದನ್ನ ಕೂತು ಓದಿದ ಆಟಗಾರರೇ ಕಳ್ಳತನ ಹೊರಗೆ ತಂದ್ರು. ಅಲ್ಟಿಮೇಟ್‌ಬೆಟ್‌ ಸೈಟಲ್ಲೂ ಹಾಗೇ ಆಯ್ತು, ಅಲ್ಲಿ ಮೋಸದ ಮೊತ್ತ 2.2 ಕೋಟಿ ಡಾಲರ್ ದಾಟಿತ್ತು. ಅನುಮಾನಕ್ಕೆ ಆಧಾರ ಬೇಕಂದ್ರೆ ಇಂಥ ದಾಖಲೆನೇ ಬೇಕು. ಮತ್ತೆ ಒಂದು ಮಾತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟ ನಡೆಸೋದೇ ಅಪರಾಧ ಆಗಿದೆ, ಟೆಲಿಗ್ರಾಮಲ್ಲಿ ಲಿಂಕ್ ಕಳಿಸೋರನ್ನ ನಂಬ್ಬೇಡಿ, ಅಲ್ಲಿ ಮೋಸ ಆದ್ರೆ ದಾಖಲೆ ಕೊಡೋರೂ ಸಿಗಲ್ಲ.

ಪ್ರಶ್ನೆ: ಇಬ್ಬರು ಫ್ರೆಂಡ್ಸ್ ಸೇರ್ಕೊಂಡು ಆಡ್ತಿದಾರೆ ಅಂತ ಹೇಗೆ ಗೊತ್ತಾಗುತ್ತೆ?
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ಮಧ್ಯೆ ಸಿಕ್ಕಿದಾಗ ಒಬ್ಬ ರೈಸ್, ಇನ್ನೊಬ್ಬ ಅದರ ಮೇಲೆ ರೈಸ್, ನೀವು ಫೋಲ್ಡ್ ಮಾಡಿದ ತಕ್ಷಣ ಇಬ್ರೂ ತಣ್ಣಗಾಗಿ ಚೆಕ್ ಚೆಕ್ ಅಂತ ಕೊನೇವರೆಗೂ ಹೋಗ್ತಾರಾ? ಶೋಡೌನಲ್ಲಿ ಅಷ್ಟು ರೈಸ್ ಮಾಡಿದೋರ ಹತ್ರ ಏನೂ ಇರಲ್ವಾ? ಇದು ಮತ್ತೆ ಮತ್ತೆ ಆದ್ರೆ ಕಾಕತಾಳೀಯ ಅಲ್ಲ. ಮನೆ ಆಟ ಆದ್ರೆ ಶೋಡೌನ್‌ವರೆಗೂ ಬಂದೋರು ಗೆಲ್ಲಲಿ ಸೋಲಲಿ ಎಲೆ ತೋರಿಸ್ಲೇಬೇಕು ಅಂತ ಶುರುವಲ್ಲೇ ನಿಯಮ ಮಾಡ್ಕೊಳ್ಳಿ, ಇಬ್ಬರನ್ನೂ ಅಕ್ಕಪಕ್ಕ ಕೂರಿಸ್ಬೇಡಿ.