ಗ್ಯಾಸ್ ಶುಲ್ಕದಲ್ಲಿ ಆ್ಯಪ್‌ಗೂ ಪಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲವು ಲೇಯರ್ 2 ಜಾಲಗಳು (ಈಥೀರಿಯಂನಂಥ ಮೂಲಜಾಲದ ಮೇಲೆ ನಡೆಯುವ ಬ್ಲಾಕ್‌ಚೈನ್‌ಗಳು) ವಹಿವಾಟಿಗೆಂದು ಬಳಕೆದಾರರು ಕಟ್ಟುವ ಗ್ಯಾಸ್ ಶುಲ್ಕದಲ್ಲಿ ಒಂದಿಷ್ಟನ್ನು ಆ್ಯಪ್ ಕಟ್ಟಿದವರಿಗೂ ಕೊಡುತ್ತವಂತೆ. ಆ ಹಣ ಎಲ್ಲಿಂದ ಬರುತ್ತದೆ? ಅದನ್ನೇ ನಂಬಿ ಆ್ಯಪ್ ನಡೆಸಬಹುದೇ?

ಉತ್ತರ: ವಹಿವಾಟುಗಳನ್ನು ಸಾಲುಗೂಡಿಸುವ ಸೀಕ್ವೆನ್ಸರ್ ವಸೂಲು ಮಾಡಿದ ಹಣದಿಂದ. ಈಥೀರಿಯಂ ಮೂಲಜಾಲದಲ್ಲಿ 2021ರಲ್ಲಿ ಇಐಪಿ-1559 ಎಂಬ ಬದಲಾವಣೆ ಬಂದಂದಿನಿಂದ ಬೇಸ್ ಫೀ (ಜಾಲವೇ ಗೊತ್ತು ಮಾಡುವ ಮೂಲ ಶುಲ್ಕ) ಯಾರಿಗೂ ಸೇರದೆ ಸುಟ್ಟುಹೋಗುತ್ತದೆ, ಬಳಕೆದಾರರು ಮೇಲೆ ಕೊಡುವ ಟಿಪ್ ಮಾತ್ರ ಉಳಿಯುತ್ತದೆ. ರೋಲಪ್‌ನಲ್ಲಿ, ಅಂದರೆ ವಹಿವಾಟುಗಳನ್ನು ಒಟ್ಟುಗೂಡಿಸಿ ಈಥೀರಿಯಂಗೆ ಏರಿಸುವ ಲೇಯರ್ 2 ಜಾಲದಲ್ಲಿ, ಬೇಸ್ ಫೀಯೂ ಜಾಲದ ಕೈಗೇ ಸೇರಬಹುದು. ರೋಲಪ್ ಕಟ್ಟುವ ತಂತ್ರಾಂಶವಾದ ಓಪಿ ಸ್ಟ್ಯಾಕ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ವಾಲ್ಟ್ (ಖಜಾನೆ) ಇದೆ. ಒಟ್ಟು ವಸೂಲಿಯಲ್ಲಿ ಈಥೀರಿಯಂಗೆ ಡೇಟಾ ಏರಿಸುವ ಖರ್ಚು ಕಳೆದು ಉಳಿದದ್ದನ್ನು ಹಂಚಬಹುದು. 2024ರ ಮಾರ್ಚ್‌ನಲ್ಲಿ ಈಥೀರಿಯಂನ ಡೆಂಕನ್ ಅಪ್‌ಗ್ರೇಡ್ ಬ್ಲಾಬ್‌ಗಳನ್ನು (ಡೇಟಾ ಇಡಲು ಅಗ್ಗದ ಜಾಗ) ತಂದಾಗ ಆ ಖರ್ಚು ಕುಸಿಯಿತು. ಬಳಕೆದಾರರ ಶುಲ್ಕವೂ ಜೊತೆಗೇ ಕುಸಿಯಿತು ಎಂಬುದನ್ನು ಮರೆಯಬೇಡಿ.

ಲೆಕ್ಕ ಹಾಕಿ ನೋಡಿ. ಒಂದು ವಹಿವಾಟಿಗೆ 1,50,000 ಗ್ಯಾಸ್, ದರ 0.01 ಗ್ವೇ (ಒಂದು ಗ್ವೇ ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ) ಎಂದರೆ ಶುಲ್ಕ 0.0000015 ಈಥರ್. ತಿಂಗಳಿಗೆ 1 ಲಕ್ಷ ವಹಿವಾಟು ನಡೆದರೆ 0.15 ಈಥರ್. ಅದರಲ್ಲಿ 20% ಪಾಲು ಅಂದರೆ 0.03 ಈಥರ್. ಸರ್ವರ್ ಬಾಡಿಗೆಗೆ ಒಂದಿಷ್ಟು ಒದಗೀತು, ಸಂಬಳಕ್ಕಂತೂ ಅಲ್ಲ. ಆ್ಯಪ್‌ಗೆ ತನ್ನದೇ ಆದಾಯದ ದಾರಿ ಇರಲೇಬೇಕು.

ಪ್ರಶ್ನೆ: ಟರ್ನ್‌ಸ್ಟೈಲ್ ಎಂಬಲ್ಲಿ ನೋಂದಾಯಿಸಿದ ಕಾಂಟ್ರ್ಯಾಕ್ಟ್‌ಗೆ (ಜಾಲದ ಮೇಲೆ ಓಡುವ ಪ್ರೋಗ್ರಾಂ) ಪಾಲು ಕೊಡುವ ಮಾದರಿಯ ಜಾಲದಲ್ಲಿ ನೋಂದಣಿಯನ್ನು ಕನ್‌ಸ್ಟ್ರಕ್ಟರ್‌ನಲ್ಲೇ (ಕಾಂಟ್ರ್ಯಾಕ್ಟ್ ಹುಟ್ಟುವಾಗ ಒಮ್ಮೆ ಓಡುವ ಭಾಗ) ಬರೆದಿದ್ದೇವೆ, ಡಿಪ್ಲಾಯ್ (ಜಾಲಕ್ಕೆ ಏರಿಸುವುದು) ಕೂಡ ಸರಿಯಾಗಿ ಆಯಿತು. ಆದರೂ ಪಾಲಿನ ಲೆಕ್ಕ ಸೊನ್ನೆಯಲ್ಲೇ ನಿಂತಿದೆ. ನಮ್ಮದು ಅಪ್‌ಗ್ರೇಡ್ ಮಾಡಬಹುದಾದ ಪ್ರಾಕ್ಸಿ, ಅಂದರೆ ಬಳಕೆದಾರರು ಕರೆಯುವ ವಿಳಾಸ ಬೇರೆ, ಕೋಡ್ ಇರುವ ಇಂಪ್ಲಿಮೆಂಟೇಶನ್ ಬೇರೆ.

ಉತ್ತರ: ತೊಂದರೆ ಪ್ರಾಕ್ಸಿಯಲ್ಲೇ ಇದೆ. ಕ್ಯಾಂಟೊ ಎಂಬ ಲೇಯರ್ 1 ಜಾಲ (ಅದೇ ಒಂದು ಮೂಲಜಾಲ) ತಂದ ಈ ಮಾದರಿಯಲ್ಲಿ ‘ರಿಜಿಸ್ಟರ್’ ಅನ್ನು ಯಾವ ಕಾಂಟ್ರ್ಯಾಕ್ಟ್ ಕರೆಯುತ್ತದೋ ಅದೇ ನೋಂದಣಿಯಾಗುತ್ತದೆ, ನೀವು ಕೊಟ್ಟ ವಿಳಾಸಕ್ಕೆ ಹಕ್ಕಿನ ಗುರುತಾಗಿ ಒಂದು ಎನ್‌ಎಫ್‌ಟಿ (ಒಂದೇ ಒಂದಿರುವ ಟೋಕನ್) ಹೋಗುತ್ತದೆ. ಇಂಪ್ಲಿಮೆಂಟೇಶನ್‌ನ ಕನ್‌ಸ್ಟ್ರಕ್ಟರ್ ಓಡುವಾಗ ಕರೆಯುವುದು ಇಂಪ್ಲಿಮೆಂಟೇಶನ್ ವಿಳಾಸ. ಬಳಕೆದಾರರು ಕರೆಯುವುದು ಪ್ರಾಕ್ಸಿಯನ್ನು. ಹೀಗಾಗಿ ಶುಲ್ಕ ಹುಟ್ಟುವ ವಿಳಾಸ ಒಂದು, ನೋಂದಾಯಿತ ವಿಳಾಸ ಇನ್ನೊಂದು.

ನೋಂದಣಿಯನ್ನು ಇನಿಶಿಯಲೈಜ್ ಫಂಕ್ಷನ್‌ಗೆ ಸಾಗಿಸಿ. ಪ್ರಾಕ್ಸಿ ಮೂಲಕ ಡೆಲಿಗೇಟ್‌ಕಾಲ್ ಆದಾಗ (ಇಂಪ್ಲಿಮೆಂಟೇಶನ್‌ನ ಕೋಡ್ ಪ್ರಾಕ್ಸಿಯ ಹೆಸರಿನಲ್ಲೇ ಓಡಿದಾಗ) ಕರೆ ಪ್ರಾಕ್ಸಿ ವಿಳಾಸದಿಂದಲೇ ಹೋಗುತ್ತದೆ. ಇನಿಶಿಯಲೈಜ್ ಆಗಲೇ ಮುಗಿದಿರುವುದರಿಂದ ನೀವು ಹೊಸ ಇಂಪ್ಲಿಮೆಂಟೇಶನ್‌ನಲ್ಲಿ ಒಡೆಯ ಮಾತ್ರ ಒಮ್ಮೆ ಕರೆಯಬಹುದಾದ ನೋಂದಣಿ ಫಂಕ್ಷನ್ ಸೇರಿಸಿ ಅಪ್‌ಗ್ರೇಡ್ ಮಾಡಿ. ಪ್ರಾಕ್ಸಿಯೇ ಇಲ್ಲದವರಿಗೆ ಹೊಸದಾಗಿ ಡಿಪ್ಲಾಯ್ ಮಾಡದೆ ಗತ್ಯಂತರವಿಲ್ಲ. ಫ್ಯಾಕ್ಟರಿಯಿಂದ (ಬೇರೆ ಕಾಂಟ್ರ್ಯಾಕ್ಟ್‌ಗಳನ್ನು ಹುಟ್ಟಿಸುವ ಕಾಂಟ್ರ್ಯಾಕ್ಟ್) ಹುಟ್ಟುವ ಮರಿ ಕಾಂಟ್ರ್ಯಾಕ್ಟ್‌ಗಳಿದ್ದರೆ ಪ್ರತಿಯೊಂದಕ್ಕೂ ಹೊಸ ಎನ್‌ಎಫ್‌ಟಿ ಬೇಡ. ಅವುಗಳ ಕನ್‌ಸ್ಟ್ರಕ್ಟರ್‌ನಲ್ಲಿ ‘ಅಸೈನ್’ ಕರೆದು ಹಳೆಯ ಟೋಕನ್ ಸಂಖ್ಯೆಗೇ ಕಟ್ಟಿ. ಎನ್‌ಎಫ್‌ಟಿ ಯಾರ ಬಳಿಯೋ ಹಣ ತೆಗೆಯುವ ಹಕ್ಕು ಅವರದೇ. ಅದನ್ನು ಡಿಪ್ಲಾಯ್ ಮಾಡಿದ ಲ್ಯಾಪ್‌ಟಾಪಿನ ಕೀಯಲ್ಲಿ ಬಿಡದೆ ಹಲವರ ಸಹಿ ಬೇಕಾಗುವ ಮಲ್ಟಿಸಿಗ್‌ಗೆ ಕಳಿಸಿ.

ಪ್ರಶ್ನೆ: ಬ್ಲಾಸ್ಟ್ ಎಂಬ ಲೇಯರ್ 2 ಜಾಲದ ಮಾದರಿಗೆ ಬರೆದ ಕೋಡ್ ಲೋಕಲ್ ಚೈನಿನಲ್ಲಿ (ನಮ್ಮ ಕಂಪ್ಯೂಟರಿನ ಪರೀಕ್ಷಾ ಜಾಲ) ಡಿಪ್ಲಾಯ್ ಆಗುವಾಗಲೇ ವಿಫಲವಾಗಿ ರಿವರ್ಟ್ ಆಗುತ್ತಿದೆ.

ಉತ್ತರ: ಪಾಲಿನ ವ್ಯವಸ್ಥೆ ನೋಡಿಕೊಳ್ಳುವ ಪ್ರಿಡಿಪ್ಲಾಯ್ ಕಾಂಟ್ರ್ಯಾಕ್ಟ್ (ಜಾಲದಲ್ಲಿ ಮೊದಲೇ ಇರುವ ಕಾಂಟ್ರ್ಯಾಕ್ಟ್) ನಿಮ್ಮ ಲೋಕಲ್ ಚೈನಿನಲ್ಲಿ ಇಲ್ಲ. ಕೋಡ್ ಇಲ್ಲದ ವಿಳಾಸಕ್ಕೆ ಇಂಟರ್‌ಫೇಸ್ ಮೂಲಕ ಕರೆ ಹೋದರೆ ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸೊಲಿಡಿಟಿ ಅಲ್ಲೇ ರಿವರ್ಟ್ ಮಾಡುತ್ತದೆ. ಫೌಂಡ್ರಿ ಎಂಬ ಪರೀಕ್ಷಾ ಸಾಧನದಲ್ಲಿ ‘ಎಚ್’ (etch) ಚೀಟ್‌ಕೋಡ್ ಬಳಸಿ ಆ ವಿಳಾಸದಲ್ಲಿ ಒಂದು ಮಾಕ್ (ಅಣಕು ಕಾಂಟ್ರ್ಯಾಕ್ಟ್) ಕೂರಿಸಿ.

ಆಮೇಲೆ ಲೋಕಲ್ ಚೈನಿನಲ್ಲಿ ರಿವರ್ಟ್ ಆಗದೆ ನಿಜವಾದ ಜಾಲದಲ್ಲಿ ಮಾತ್ರ ಆದರೆ ಕರೆಗಳ ಕ್ರಮ ನೋಡಿ. ಮೊದಲು ಗ್ಯಾಸನ್ನು ಕ್ಲೇಮ್ ಮಾಡಬಹುದಾದ ಮೋಡ್‌ಗೆ ಹಾಕಬೇಕು, ಆಮೇಲೆ ಗವರ್ನರ್ (ಆ ಸೆಟ್ಟಿಂಗ್‌ಗಳ ಅಧಿಕಾರ ಇರುವ ವಿಳಾಸ) ನೇಮಿಸಬೇಕು. ಗವರ್ನರ್ ಬಂದೊಡನೆ ಕಾಂಟ್ರ್ಯಾಕ್ಟ್‌ಗೆ ತನ್ನ ಸೆಟ್ಟಿಂಗ್ ಬದಲಿಸುವ ಅಧಿಕಾರ ಹೋಗುತ್ತದೆ, ಮುಂದಿನ ಸಾಲು ಬಿದ್ದುಹೋಗುತ್ತದೆ. ಮೋಡ್ ಹಾಕುವುದನ್ನೇ ಮರೆತರೆ ಇನ್ನೂ ಕೆಟ್ಟದ್ದು: ಡಿಫಾಲ್ಟ್ ಮೋಡ್‌ನಲ್ಲಿ ಪಾಲು ಸಿಗದು, ಎರರ್ ಕೂಡ ಬಾರದು.

ಪ್ರಶ್ನೆ: ನಮ್ಮ ಪೂಲ್‌ಗೆ (ಟೋಕನ್ ವಿನಿಮಯದ ಕಾಂಟ್ರ್ಯಾಕ್ಟ್) ಬಹುಪಾಲು ಜನ ಬೇರೆಯವರ ರೂಟರ್ (ವಹಿವಾಟನ್ನು ಪೂಲ್‌ಗೆ ಕಳಿಸುವ ಕಾಂಟ್ರ್ಯಾಕ್ಟ್) ಮೂಲಕ ಬರುತ್ತಾರೆ. ಪಾಲು ಯಾರಿಗೆ?

ಉತ್ತರ: ಜಾಲದ ನಿಯಮ ನೋಡಬೇಕು. ಕ್ಯಾಂಟೊ ಮಾದರಿಯಲ್ಲಿ ವಹಿವಾಟು ನೇರವಾಗಿ ಕರೆದ ಕಾಂಟ್ರ್ಯಾಕ್ಟ್‌ಗೇ ಪಾಲು, ಅಂದರೆ ರೂಟರ್‌ಗೆ. ಬ್ಲಾಸ್ಟ್ ಮಾದರಿಯಲ್ಲಿ ಪ್ರತಿ ಕಾಂಟ್ರ್ಯಾಕ್ಟ್ ಎಷ್ಟು ಗ್ಯಾಸ್ ಬಳಸಿತೋ ಅಷ್ಟರ ಲೆಕ್ಕ. ಪೂಲ್, ಒರಾಕಲ್ (ಹೊರಗಿನ ಮಾಹಿತಿ ತರುವ ಕಾಂಟ್ರ್ಯಾಕ್ಟ್), ಲೈಬ್ರರಿ ಬರೆಯುವವರಿಗೆ ಎರಡನೆಯದೇ ನ್ಯಾಯ.

ಪ್ರಶ್ನೆ: ಹಾಗಾದರೆ ನಮ್ಮ ಕಾಂಟ್ರ್ಯಾಕ್ಟ್ ಗ್ಯಾಸ್ ಹೆಚ್ಚು ಬಳಸಿದಷ್ಟೂ ನಮಗೆ ಲಾಭವಲ್ಲವೇ?

ಉತ್ತರ: ಈ ವ್ಯವಸ್ಥೆಯ ದೊಡ್ಡ ತೂತು ಅದೇ. ಖಾಲಿ ಸ್ಟೋರೇಜ್ ಸ್ಲಾಟ್‌ಗೆ ಬೇಡದ ಒಂದು ಬರಹ ಸೇರಿಸಿದರೆ 22,100 ಗ್ಯಾಸ್ ಏರುತ್ತದೆ. ಪಾಲು 20% ಇದ್ದರೆ ಬಳಕೆದಾರ ಹೆಚ್ಚಿಗೆ ಕಟ್ಟಿದ 100ರಲ್ಲಿ ನಿಮಗೆ ಬರುವುದು 20, ಆದರೆ ಪೂರ್ತಿ 100ರ ಹೊರೆ ಹೊತ್ತವನು ಅಗ್ಗದ ಪ್ರತಿಸ್ಪರ್ಧಿಯ ಕಡೆ ಹೊರಡುತ್ತಾನೆ. ಪಾಲು 100%ಕ್ಕೆ ಹತ್ತಿರವಾದಂತೆ ಬೇರೆಯೇ ರೋಗ: ತನ್ನ ಕಾಂಟ್ರ್ಯಾಕ್ಟನ್ನು ತಾನೇ ಕರೆದು ಕಟ್ಟಿದ್ದನ್ನು ವಾಪಸ್ ಪಡೆಯುವವನಿಗೆ ಸ್ಪ್ಯಾಮ್ ಹೆಚ್ಚುಕಮ್ಮಿ ಬಿಟ್ಟಿ, ದಟ್ಟಣೆ ಎಲ್ಲರಿಗೂ. ಜಾಲ ಆರಿಸುವಾಗ ಪಾಲು ಎಷ್ಟೆಂದು ನೋಡುವ ಮೊದಲು ಎಲ್1 (ಮೂಲಜಾಲ) ಡೇಟಾ ಶುಲ್ಕವನ್ನು ಹಂಚಿಕೆಯ ಹೊರಗಿಟ್ಟಿದ್ದಾರೆಯೇ, ಪಾಲಿನ ದರವನ್ನು ಯಾರು ಬದಲಿಸಬಲ್ಲರು ಎಂಬುದನ್ನು ದಾಖಲೆಗಳಲ್ಲಿ ಹುಡುಕಿ.