ಕಾಲು ಹೋಯ್ತು, ಈಗ ರಾಜೀನಾಮೆ ಬರ್ಕೊಡಿ ಅಂತಿದ್ದಾರೆ

ಪ್ರಶ್ನೆ: ನಮ್ಮನೆಯವ್ರು ಗೋವಾ ಏರ್‌ಪೋರ್ಟಲ್ಲಿ ಒಂದು ಖಾಸಗಿ ವಿಮಾನ ಕಂಪನಿಯಲ್ಲಿ ಪರ್ಮನೆಂಟ್, ಲಗೇಜ್ ಲೋಡಿಂಗ್ ಕೆಲ್ಸ. ರಜೆಗೆ ಬಂದಾಗ ಅಂಕೋಲಾ ಹತ್ರ ಹೈವೇಲಿ ಬೈಕಿಗೆ ಲಾರಿ ಹೊಡ್ದು ಎಡಗಾಲು ಮೊಣಕಾಲಿಂದ ಕೆಳಗೆ ತೆಗೀಬೇಕಾಯ್ತು. ಈಗ ಕೃತಕ ಕಾಲು ಹಾಕ್ಕೊಂಡು ಓಡಾಡ್ತಾರೆ. ಎಚ್‌ಆರ್‌ನವ್ರು ಫೋನ್ ಮಾಡಿ "ವೈಯಕ್ತಿಕ ಕಾರಣ ಅಂತ ರಾಜೀನಾಮೆ ಕೊಟ್ಬಿಡಿ, ಸೆಟಲ್‌ಮೆಂಟ್ ಬೇಗ ಆಗ್ತದೆ" ಅಂತಿದ್ದಾರೆ. ಕೊಡ್ಬೇಕಾ?
– ಓದುಗರು, ಸದಾಶಿವಗಡ

ಉತ್ತರ: ಕೊಡ್ಬೇಡಿ ತಂಗಿ. ಎಷ್ಟು ಸಲ ಫೋನ್ ಬಂದ್ರೂ ಕೊಡ್ಬೇಡಿ. ಆ ಒಂದು ಕಾಗ್ದ ಕೈಗೆ ಸಿಕ್ರೆ ಕೆಲ್ಸದಿಂದ ತೆಗ್ದಿದ್ದು ಅವ್ರಲ್ಲ, ಬಿಟ್ಟಿದ್ದು ನೀವೇ ಅಂತ ಆಗ್ಬಿಡ್ತದೆ, ಆಮೇಲೆ ಯಾವ ಕಾನೂನು ಹಿಡ್ಕೊಂಡು ಹೋದ್ರೂ ಮೊದ್ಲು ಅದನ್ನೇ ಮುಂದಿಡ್ತಾರೆ.

ಇದ್ದದ್ದು ಇದ್ದಂಗೆ ಹೇಳ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸರ್ವಿಸಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ಕೆಲ್ಸದಿಂದ ತೆಗೆಯೋ ಹಾಗಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡ್ಬೇಕು. ಆದ್ರೆ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕೈಗಾದಲ್ಲೋ ವಾಯವ್ಯ ಸಾರಿಗೆಯಲ್ಲೋ ಪರ್ಮನೆಂಟ್ ಇದ್ದವ್ರಿಗೆ ಸಿಗೋ ಈ ರಕ್ಷಣೆ ಖಾಸಗಿ ವಿಮಾನ ಕಂಪನಿಯವ್ರಿಗಿಲ್ಲ, 2022ರ ಜನವರೀಲಿ ಟಾಟಾ ಕೈಗೆ ಹೋದ್ಮೇಲೆ ಏರ್ ಇಂಡಿಯಾ ಕೂಡ ಖಾಸಗಿಯೇ. ಕಾಲು ಕಳ್ಕೊಂಡವ್ರ ನೋವು ಎರಡೂ ಕಡೆ ಒಂದೇ ಆಗಿರುವಾಗ ಕಾನೂನು ಹೀಗೆ ಬೇರೆ ಮಾಡೋದು ನನ್ನ ಪ್ರಕಾರ ದೊಡ್ಡ ಅನ್ಯಾಯ.

ಹಂಗಂತ ಕೈ ಖಾಲಿ ಇಲ್ಲ. ಅದೇ ಕಾಯ್ದೆಯ 3ನೇ ಸೆಕ್ಷನ್ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡ್ಬಾರ್ದು ಅಂತದೆ, ಬೇಕಾದ ಸಣ್ಣಪುಟ್ಟ ಹೊಂದಾಣಿಕೆ ಮಾಡ್ಕೊಡದೇ ಇರೋದೂ ತಾರತಮ್ಯವೇ. 21ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪನಿಯೂ ಸಮಾನ ಅವಕಾಶದ ಪಾಲಿಸಿ ಇಟ್ಕೊಂಡಿರ್ಬೇಕು, ಅದರ ಕಾಪಿ ಕೇಳಿ. ಪೈಲಟ್‌ಗಾದ್ರೆ ವಿಮಾನಯಾನ ನಿಯಂತ್ರಕರ (ಡಿಜಿಸಿಎ) ಮೆಡಿಕಲ್ ಪಾಸಾಗ್ದೆ ಹಾರೋಕಾಗಲ್ಲ, ಅದು ಬೇರೆ ವಿಷ್ಯ. ಲೋಡಿಂಗ್‌ನವ್ರು ಬೆಲ್ಟ್ ಹತ್ರ ಬಗ್ಗಿ ಬ್ಯಾಗ್ ಎತ್ತೋಕಾಗ್ದಿದ್ರೂ ಚೆಕ್-ಇನ್ ಕೌಂಟರ್, ಕಾರ್ಗೋ ಕಾಗದಪತ್ರ, ಕಳೆದ ಲಗೇಜ್ ಹುಡ್ಕೋ ಡೆಸ್ಕ್ ಇವೆಲ್ಲ ಕೂತು ಮಾಡೋ ಕೆಲ್ಸಾನೇ, ಇಂಥಿಂಥ ಕೆಲ್ಸ ಮಾಡ್ಬಲ್ಲೆ ಅಂತ ಹೆಸ್ರು ಹಿಡ್ದು ಈ-ಮೇಲಲ್ಲಿ ಬರೀರಿ, ಫೋನಲ್ಲಿ ಮಾತು ಬೇಡ.

ಅದಕ್ಕಿಂತ ಮೊದ್ಲು ಯುಡಿಐಡಿ ಕಾರ್ಡಿಗೆ, ಅಂದ್ರೆ ವಿಕಲಚೇತನರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ಹಾಕಿ, ತಪಾಸಣೆ ಕಾರವಾರದ ಕ್ರಿಮ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಆಗ್ತದೆ. ಹೆಚ್ಚಿನ ಸರ್ಕಾರಿ ಸವಲತ್ತಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇರ್ಬೇಕು, ಮೊಣಕಾಲ ಕೆಳಗೆ ಕಾಲು ಹೋದವ್ರಿಗೆ ಅದು ದಾಟ್ತದೆ.

ಕಂಪನಿ ಕೇಳ್ದೇ ಹೋದ್ರೆ, ಕೆಲ್ಸದ ಜಾಗ ಗೋವಾ ಆಗಿದ್ರಿಂದ ಅಲ್ಲಿಯ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. ಕೆಲ್ಸದಿಂದ ತೆಗ್ದೇ ಬಿಟ್ರೆ ಕಾರ್ಮಿಕ ವಿವಾದ ಹೂಡ್ಬಹುದು, ಆದ್ರೆ ವಿಮಾನಯಾನ ಕೇಂದ್ರದ ಕೆಳಗೆ ಬರೋದ್ರಿಂದ ಕಾರವಾರದ ಲೇಬರ್ ಆಫೀಸಿಗೆ ಅಲೀಬೇಡಿ, ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೇ ಹೋಗಿ.

ಇನ್ನೊಂದು, ಗ್ರಾಚ್ಯುಟಿಗೆ 5 ವರ್ಷ ಸರ್ವಿಸ್ ಬೇಕು ಅಂತಾರಲ್ಲ, ಅಪಘಾತದಿಂದ ಅಂಗವೈಕಲ್ಯ ಆಗಿ ಕೆಲ್ಸ ಹೋದ್ರೆ ಆ ಷರತ್ತು ಅನ್ವಯ ಆಗಲ್ಲ. ಲಾರಿ ಇನ್ಶೂರೆನ್ಸ್ ಮೇಲೆ ಪರಿಹಾರದ ಕೇಸ್ ಹಾಕಿಲ್ಲ ಅಂದ್ರೆ ತಡ ಮಾಡ್ದೆ ಹಾಕಿ. ಅಲ್ಲಿ ದುಡಿಮೆ ಹೋಗಿದ್ದಕ್ಕೂ ಲೆಕ್ಕ ಹಾಕ್ತಾರೆ, ವೈಯಕ್ತಿಕ ಕಾರಣ ಅಂತ ಬರ್ಕೊಟ್ಟ ರಾಜೀನಾಮೆ ಇದ್ರೆ ಇನ್ಶೂರೆನ್ಸ್ ವಕೀಲ್ರು ಅದನ್ನೇ ಎತ್ತಿ ತೋರಿಸ್ತಾರೆ.